ಟೋಪಿ ಎತ್ತುವ ಊರು

ಬುಧವಾರ, ಆಗಸ್ಟ್ 21, 1996

ಮಿಸೆಸ್ ಮಾರ್ಸಿ ಕುಬಿಕ್. ಮಿಸೆಸ್ ಡೇರಿನ್ ಕುಬಿಕ್. ಎಂ. ಕುಬಿಕ್. ಯಾವ ಸಹಿ ಚೆಂದ ಎಂದು ಈ ಪುಟದ ಅಂಚಿನ ತುಂಬ ಬರೆದು ನೋಡಿದೆ. ಮೂರೂ ಚೆಂದ! ಮದುವೆಯಾಗಿ ಇನ್ನೂ ಎರಡು ವಾರ ತುಂಬಿಲ್ಲ, ಇಂಥ ಹುಚ್ಚಾಟಗಳಿಗೆಲ್ಲ ನನಗೆ ಹಕ್ಕಿದೆ. ಡೇರಿನ್ ಬೆಳಗ್ಗೆ ಮೆಕ್ಕೆಜೋಳದ ಹೊಲಕ್ಕೆ ಹೋಗುವಾಗ ಅಡುಗೆಮನೆಯ ಕಿಟಕಿಗೆ ಹೊರಗಿನಿಂದ ಮೂಗು ಒತ್ತಿ ಹೋಗುತ್ತಾನೆ. ಗಾಜಿನ ಮೇಲೆ ಉಳಿಯುವ ಆ ಗುರುತನ್ನು ನಾನು ಒರೆಸುವುದಿಲ್ಲ. ಅತ್ತೆ ನೋಡಿದರೆ ಬೈಯುತ್ತಾರೆ. ಬೈಯಲಿ.

ಒಂದೇ ಒಂದು ದೂರು. ಈ ಪ್ಲಮ್ ಹಾಲೋ ಊರಿಗೆ ಊರೇ ಸಾವಿನ ಮನೆಯ ಹಾಗಿದೆ. ಮುಂದಿನ ಮೇ ತಿಂಗಳಿಗೆ ಇಲ್ಲಿನ ಹೈಸ್ಕೂಲು ಮುಚ್ಚುತ್ತದೆ. ಬರುವ ವರ್ಷದಿಂದ ಇವರ ಮಕ್ಕಳು ಬಸ್ಸು ಹತ್ತಿ ನನ್ನ ತವರೂರು ಕಾರ್ವರ್‌ನ ಸ್ಕೂಲಿಗೆ ಬರುತ್ತಾರೆ. ಕಾರ್ವರ್ ಏನು ಚಂದ್ರಲೋಕವೇ? ರೇಡಿಯೋದಲ್ಲಿ ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಕಾರು ತಲುಪುತ್ತದೆ. ಇವರ ದುಃಖ ಪಾಠದ್ದಲ್ಲ, ಫುಟ್‌ಬಾಲಿನದು. ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುವ, ಓಡುವವನನ್ನು ಕೆಡವುವ ಆಟ ಅದು; ಇದು ಅವರ ಕೊನೆಯ ಸೀಸನ್. ಎಂಟು ಮಂದಿಯ ತಂಡ ಕಟ್ಟಲೂ ಹುಡುಗರನ್ನು ಹುಡುಕಬೇಕಾದ ಊರು, ಆದರೂ ಶುಕ್ರವಾರ ಸಂಜೆ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ. ಅವರ ಹಸಿರು ಅಂಗಿ ನೋಡಿ ನಾವು ಕಾರ್ವರ್‌ನವರು ಚಿಕ್ಕಂದಿನಿಂದ ಅವರನ್ನು ಕಪ್ಪೆಗಳು ಎಂದೇ ಆಡಿಕೊಂಡಿದ್ದೇವೆ. ನಾನೀಗ ಒಂದು ಕಪ್ಪೆಯ ಹೆಂಡತಿ!

ಮಾವನಿಗೆ ಜುಲೈಯಲ್ಲಿ ಗಂಟಲಿನ ಆಪರೇಷನ್ ಆಗಿದೆ. ಕ್ರಿಸ್‌ಮಸ್‌ವರೆಗೆ ಪಿಸುಮಾತೂ ಆಡಬಾರದು, ಆಡಿದರೆ ಉಳಿದಿರುವ ದನಿಯೂ ಹೋಗಬಹುದು ಎಂದು ಡಾಕ್ಟರು ಹೆದರಿಸಿದ್ದಾರೆ. ಹಾಗಾಗಿ ಅವರು ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಅಲ್ಲ. ಈ ಮನುಷ್ಯ ಮೂವತ್ತೈದು ವರ್ಷ ಮೈದಾನದ ಮೈಕಿನಲ್ಲಿ ಆಟವನ್ನು ಕೂಗಿ ಹೇಳಿದವರು. ಎಲ್ಡನ್ ಕುಬಿಕ್ ಎಂದರೆ ಈ ಊರಿನ ದನಿಯಂತೆ. "ಈ ಸಲ ಯಾರು ಹೇಳ್ತಾರೆ?" ಎಂದು ಕೇಳಿದೆ. ಅತ್ತೆ ತಟ್ಟೆ ತೊಳೆಯುತ್ತಿದ್ದರು. ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದರು.

ನನ್ನ ಕೆಂಪು ಜಾಕೆಟ್ಟನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ. ಬೆನ್ನ ಮೇಲೆ ದೊಡ್ಡದಾಗಿ ಕಾರ್ವರ್ ಎಂದಿದೆ. ಅತ್ತೆ ಅದನ್ನು ನೋಡಿ, "ಅಲ್ಲಿ ಇಲಿ ಓಡಾಡ್ತವೆ ಕಣಮ್ಮ, ಹುಷಾರು" ಅಂದರು. ಈ ಮನೆಯಲ್ಲಿ ಇಲಿಯೇ ಇಲ್ಲ.

ಶನಿವಾರ, ಸೆಪ್ಟೆಂಬರ್ 7

ಅಯ್ಯೋ ನನ್ನ ಗಂಡ! ನನ್ನ ಮುದ್ದು, ಮಾತು ಬಾರದ ಗಂಡ!

ನಿನ್ನೆ ಅವರ ಮೊದಲ ಆಟ. ಅಪ್ಪನ ಜಾಗದಲ್ಲಿ ಮಗನೇ ಕೂರಲಿ ಎಂದು ಡೇರಿನ್‌ನನ್ನು ಮೈದಾನದ ಪಕ್ಕ ಮೈಕು ಇಟ್ಟ ಎತ್ತರದ ಮರದ ಗೂಡಿಗೆ ಹತ್ತಿಸಿದರು. ಅವನು ಹೇಳಿದ್ದು ಹೀಗೆ: "ಇಪ್ಪತ್ತೊಂದನೇ ನಂಬರ್. ಓಡಿದ." ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಆಮೇಲೆ: "ಕೆಡವಿದ್ರು. ಯಾರೋ." ಬೆಂಚುಗಳಲ್ಲಿ ಕೂತ ಜನ ಹಿಟ್ಟು ನುಂಗಿದವರ ಹಾಗೆ ಕೂತಿದ್ದರು. ನಾನು ನಗು ತಡೆಯಲು ಅವನ ಕರವಸ್ತ್ರ ಕಚ್ಚಿಕೊಂಡಿದ್ದೆ.

ಅಷ್ಟರಲ್ಲಿ ಬರ್ನಾಡೆಟ್ ಅಜ್ಜಿ ಊರುಗೋಲನ್ನು ಕೆಳಗೆ ಒರಗಿಸಿ ಗೂಡಿನ ಏಣಿ ಹತ್ತಿಯೇಬಿಟ್ಟರು.

"ಏಯ್ ಡೇರಿನ್, ನನ್ನ ಮೊಮ್ಮಗ ಏನು ಜೈಲಿನ ಕೈದಿನಾ, ನಂಬರ್ ಹಿಡಿದು ಕರಿಯೋಕೆ? ಅವನಿಗೆ ಅಪ್ಪ ಇಲ್ವಾ? ತಾತ ಇರ್ಲಿಲ್ವಾ?"

"ಅಜ್ಜಿ, ಮೈಕ್ ಆನ್ ಇದೆ..."

"ಇರ್ಲಿ ಬಿಡು! ನಿಮ್ಮಪ್ಪನೂ ಕೇಳಿಸ್ಕೊಳ್ಳಲಿ!"

ಮಾವ ಕೆಳಗೆ ಮೊದಲ ಸಾಲಿನಲ್ಲಿದ್ದರು. ಎರಡೂ ಕೈ ತೊಡೆಯ ಮೇಲೆ. ಕುಟ್ಟಲು ಅಲ್ಲಿ ಮೇಜೂ ಇರಲಿಲ್ಲ.

ಮನೆಗೆ ಬರುವಾಗ ಡೇರಿನ್ ಹೇಳಿದ. ಮಾವ ಎಂದೂ ಬರೀ ಆಟಗಾರನ ಹೆಸರು ಹೇಳಿದವರಲ್ಲ. ಚೆಂಡು ಹಿಡಿದವನು ಯಾರ ಮಗ, ಯಾರ ಮೊಮ್ಮಗ ಎಂದು ಸೇರಿಸಿಯೇ ಹೇಳುತ್ತಿದ್ದರು. ಹೆಸರು ಬಂದ ಕೂಡಲೇ ಆ ಅಪ್ಪ, ಆ ತಾತ ಎದ್ದು ನಿಂತು ಟೋಪಿ ತೆಗೆದು ಮೇಲೆತ್ತುತ್ತಾರೆ. ಸುಮ್ಮನೆ ಎತ್ತುವುದು, ಕೂರುವುದು. ಎದುರು ತಂಡದವರಿಗೆ ಮಾತ್ರ ಬರೀ ನಂಬರು. "ಇಷ್ಟು ವರ್ಷದಲ್ಲಿ ಅಪ್ಪ ಹೊರಗಿನೋರ ಒಂದು ಹೆಸರೂ ಹೇಳಿಲ್ಲ ಕಣೇ," ಎಂದ. ಹಾಗಾದರೆ ಅಷ್ಟೂ ವರ್ಷ ನಾವು ಕಾರ್ವರ್‌ನವರು ಇವರ ಬಾಯಲ್ಲಿ ಬರೀ ಅಂಕಿಗಳು! ನಾನು ಸ್ವಲ್ಪ ಸಿಟ್ಟು ಮಾಡಿಕೊಂಡೆ. ಅವನು ಟ್ರಕ್ಕು ನಿಲ್ಲಿಸಿ ಸಮಾಧಾನ ಮಾಡಿದ. ಅದನ್ನು ಇಲ್ಲಿ ಬರೆಯುವುದಿಲ್ಲ!

ಸೋಮವಾರ, ಸೆಪ್ಟೆಂಬರ್ 9

ನಂಬಲಾಗುತ್ತಿಲ್ಲ.

ಸಂಜೆ ಕೋಚ್ ಹಾರ್ಲನ್ ಊಟಕ್ಕೆ ಬಂದಿದ್ದರು. ಉಳಿದ ಆಟಗಳಿಗೆ ಜಿಲ್ಲಾ ಕೇಂದ್ರದಿಂದ ರೇಡಿಯೋದವನೊಬ್ಬನನ್ನು ಕರೆಸುತ್ತಾರಂತೆ. ಅವನು ಕಾಗದ ನೋಡಿ ನಂಬರು, ಹೆಸರು ಓದುತ್ತಾನೆ, ಮುಗಿಯಿತು. ಮಾವ ಮಾಂಸದ ತುಂಡನ್ನು ತಟ್ಟೆಯಲ್ಲಿ ಆಚೆ ಈಚೆ ತಳ್ಳುತ್ತಿದ್ದರು. ಯಾರೂ ಮಾತಾಡದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಹಾಗಾಗಿ ಬೆಳಗ್ಗೆ ಪಕ್ಕದವರ ಹಸು ಬೇಲಿ ಮುರಿದು ಓಡಿದ ಕಥೆ ಶುರುಮಾಡಿದೆ. ಅದು ಚರ್ಚಿನ ಹುಲ್ಲಿಗೆ ನುಗ್ಗಿದ್ದು, ಪಾದ್ರಿ ಬಲಗಡೆಯಿಂದ ಅಡ್ಡ ಬಂದದ್ದು, ಹಸು ಎಡಕ್ಕೆ ಹೊರಳಿದ್ದು, ಅಂಚೆಯವರು ಚೀಲ ಬಿಸಾಕಿ ಕೊಂಬಿಗೆ ಜೋತುಬಿದ್ದದ್ದು! ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಮುಗಿಸಿದಾಗ ಕೋಚ್ ಕೈಯಲ್ಲಿನ ಬ್ರೆಡ್ಡು ಕೈಯಲ್ಲೇ ಇತ್ತು.

ಟಕ್. ಮಾವ ಮೇಜು ಕುಟ್ಟಿದರು. ಒಂದು ಸಲ.

"ಏನು ಹೌದು, ಎಲ್ಡನ್?" ಎಂದರು ಕೋಚ್.

ಮಾವ ತಮ್ಮ ಚಮಚ ತೆಗೆದು, ಒರೆಸಿ, ಮೈಕಿನ ಹಾಗೆ ನನ್ನ ತಟ್ಟೆಯ ಮುಂದೆ ನಿಲ್ಲಿಸಿ ಹಿಡಿದರು.

"ಇವಳು ಕಾರ್ವರ್ ಹುಡುಗಿ ಕಣಯ್ಯ!"

ಟಕ್.

"ಜನ ಒಪ್ಪಲ್ಲ."

ಟಕ್.

"ಗೊತ್ತಿದ್ದೂ?"

ಟಕ್!

ಕೋಚ್ ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದರು. "ನೋಡಮ್ಮ, ನಮ್ಮ ಹುಡುಗರಿಗೆ ಇದೇ ಕಡೇ ಸೀಸನ್. ಅವರ ಹೆಸರು ಸರಿಯಾಗಿ ಕೂಗಿಸ್ಕೊಳ್ಳೋದೂ ಇದೇ ಕಡೆ. ಒಬ್ಬ ಅಪ್ಪ ಬಂದು ಬೇಡ ಅಂದ್ರೂ ರೇಡಿಯೋದವನನ್ನ ಕರೀತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರೇ! ನಾನು ಅವರ ಎರಡೂ ಕೆನ್ನೆಗೆ ಮುತ್ತು ಕೊಟ್ಟೆ. ಪಾಪ, ಕಿವಿಯೆಲ್ಲ ಕೆಂಪಾಯಿತು.

ಬುಧವಾರ, ಸೆಪ್ಟೆಂಬರ್ 11

ನನ್ನ ಪಾಠಶಾಲೆ: ಸ್ಕೂಲಿನ ಅಡುಗೆಮನೆ. ಶುಕ್ರವಾರದ ಆಟಕ್ಕೆ ಹೆಂಗಸರು ದೊಡ್ಡ ಹಂಡೆಗಳಲ್ಲಿ ಮಾಂಸ, ಕಾಳು ಹಾಕಿದ ಖಾರದ ಚಿಲ್ಲಿ ಬೇಯಿಸುತ್ತಾರೆ, ಜೊತೆಗೆ ದಾಲ್ಚಿನ್ನಿಯ ಸುರುಳಿ ಬನ್ನು. ಇವೆರಡನ್ನೂ ಒಟ್ಟಿಗೆ ತಿನ್ನದವರು ಮನುಷ್ಯರೇ ಅಲ್ಲ. ಅತ್ತೆ ಹಿಟ್ಟು ಸುತ್ತುತ್ತಾ ಒಂದೊಂದು ಸುರುಳಿಯನ್ನೂ ತಟ್ಟೆಯಲ್ಲಿಟ್ಟು, "ಇವನ್ಯಾರು?" ಎಂದು ಕೇಳುತ್ತಾರೆ.

"ಇಪ್ಪತ್ತೊಂದು. ವೆಸ್ ಸೆಡ್ಲಾಕ್. ರೇ ಮಗ."

"ಯಾವ ರೇ?"

ಇಲ್ಲೇ ನನ್ನ ತಲೆ ಕೆಡುವುದು. ರೇ ಸೆಡ್ಲಾಕ್ ಇಬ್ಬರು. ಅಣ್ಣತಮ್ಮಂದಿರ ಮಕ್ಕಳು, ಇಬ್ಬರಿಗೂ ಮುತ್ತಜ್ಜನ ಹೆಸರೇ. ಒಬ್ಬರು ಹೊಳೆಯಾಚೆಯ ರೇ, ಅವರ ಮಗ ವೆಸ್. ಇನ್ನೊಬ್ಬರು ಕಾಳಿನ ಗೋದಾಮು ನೋಡಿಕೊಳ್ಳುವ ಗೋದಾಮಿನ ರೇ, ಅವರ ಮಗ ಕರ್ಟ್, ನಂಬರ್ ಇಪ್ಪತ್ತನಾಲ್ಕು. ಬೇಲಿಯ ಜಗಳವಾಗಿ ಇಬ್ಬರ ನಡುವೆ ಎಷ್ಟೋ ವರ್ಷದಿಂದ ಮಾತಿಲ್ಲ.

"ಇದೊಂದು ತಪ್ಪಬೇಡ ನೋಡು," ಎಂದು ಬರ್ನಾಡೆಟ್ ಅಜ್ಜಿ ಲಟ್ಟಣಿಗೆ ತೋರಿಸಿದರು. "ಬೇರೆ ಯಾರನ್ನ ಯಾರಿಗೆ ಹುಟ್ಟಿಸಿದ್ರೂ ಪರವಾಗಿಲ್ಲ."

ಎಲ್ಲರೂ ನಕ್ಕೂ ನಕ್ಕೂ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಎಂಥ ಹೆಂಗಸರಪ್ಪ ಇವರು!

ಶನಿವಾರ, ಸೆಪ್ಟೆಂಬರ್ 14

ಗಂಟಲು ಪೂರ್ತಿ ಕಟ್ಟಿದೆ. ಈಗ ಮನೆಯಲ್ಲಿ ಇಬ್ಬರು ಮೂಗರು. ಮಾವನಿಗೆ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ, ತಿಂಡಿಯ ಹೊತ್ತಿಗೆ ನಾನು ಮೇಜು ಕುಟ್ಟಿ ಬೆಣ್ಣೆ ಕೇಳಿದಾಗ ಭುಜ ಕುಲುಕಿ ಕುಲುಕಿ ನಕ್ಕರು.

ನಿನ್ನೆ ಗೂಡಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಸರಿ ಹೇಳಿದರೆ ಹೆಗಲ ಮೇಲೆ ಒಂದು ತಟ್ಟು, ತಪ್ಪಿದರೆ ಎರಡು. ಮೊದಲ ಚೆಂಡಿಗೇ ನಾನು, "ಓಡಿದ ಓಡಿದ ಓಡಿದ, ಕರ್ಟ್ ಸೆಡ್ಲಾಕ್, ಗೋದಾಮಿನ ರೇ ಮಗ, ಹಳೇ ಆಂಟನ್‌ನ ಮೊಮ್ಮಗ!" ಎಂದು ಕಿರುಚಿದೆ. ಮೈಕು ಕುಯ್ ಅಂದಿತು. ಎಡಗಡೆಯಲ್ಲಿ ಒಂದು ಟೋಪಿ ಮೇಲೆ ಹೋಯಿತು. ಅದರ ಪಕ್ಕ ನಡುಗುವ ಕೈಯಲ್ಲಿ ಇನ್ನೊಂದು. ಎರಡು ಟೋಪಿ, ಒಂದು ಓಟಕ್ಕೆ! ಮೈದಾನದ ಸುತ್ತ ನಿಲ್ಲಿಸಿದ ಟ್ರಕ್ಕುಗಳೆಲ್ಲ ಹಾರ್ನು ಬಾರಿಸಿದವು. ಹೆಗಲ ಮೇಲೆ ಒಂದು ತಟ್ಟು.

ಆಮೇಲೆ ಡೆನ್ನಿ ಎಂಬ ಹುಡುಗ ಚೆಂಡು ಹಿಡಿದ. ಅವನಪ್ಪ ಡ್ವೈಟ್ ಹೋದ ವರ್ಷ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡವರು. ನನಗೆ ಗೊತ್ತಿತ್ತು, ಆದರೆ ಹೇಳಬೇಕೋ ಬೇಡವೋ ಎಂದು ಗೊತ್ತಿರಲಿಲ್ಲ. ಮಾವನ ಮುಖ ನೋಡಿದೆ. ಅವರು ಕಣ್ಣಲ್ಲೇ ಹೇಳು ಎಂದರು. "ಡೆನ್ನಿ, ಡ್ವೈಟ್‌ನ ಮಗ," ಎಂದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಡ್ವೈಟ್ ಕೂರುತ್ತಿದ್ದ ಬೆಂಚಿನ ಗಂಡಸರಷ್ಟೂ ಎದ್ದರು. ಸಾಲಿಗೆ ಸಾಲೇ ಟೋಪಿ ಮೇಲೆ. ನಾನು ಮೈಕಿನಲ್ಲೇ ಅತ್ತುಬಿಟ್ಟೆ. ಎಲ್ಲರಿಗೂ ಕೇಳಿಸಿತಂತೆ. ಇಂಥದ್ದು ನಾನು ಎಲ್ಲೂ, ಎಲ್ಲೂ ನೋಡಿಲ್ಲ.

ಶನಿವಾರ, ಸೆಪ್ಟೆಂಬರ್ 28

ಬರೆಯಲು ಮನಸ್ಸಿಲ್ಲ.

ಆದರೂ ಬರೆಯುತ್ತೇನೆ. ನಿನ್ನೆ ಕಡೆಯ ನಿಮಿಷಗಳಲ್ಲಿ ಮೈದಾನದ ಅರ್ಧ ಉದ್ದ ಓಡಿ, ಎದುರಿನವರ ಗೆರೆ ದಾಟಿ ಟಚ್‌ಡೌನ್ ಮಾಡಿದವನು ವೆಸ್. ಅವನ ಬೆನ್ನಿಗೆ ಕೆಸರು ಮೆತ್ತಿತ್ತು, ನಂಬರು ಕಾಣಲಿಲ್ಲ. ನಾನು ಖುಷಿಯಲ್ಲಿ ಹಾರುತ್ತಾ "ಕರ್ಟ್ ಸೆಡ್ಲಾಕ್, ಗೋದಾಮಿನ ರೇ ಮಗ!" ಎಂದು ಕೂಗಿದೆ. ಹೆಗಲ ಮೇಲೆ ಎರಡು ತಟ್ಟು ಬೀಳುವ ಹೊತ್ತಿಗೆ ಗೋದಾಮಿನ ರೇ ಎದ್ದು ನಿಂತಾಗಿತ್ತು. ಅವರಿಗೂ ಕಂಡಿರಬೇಕು ಅದು ತಮ್ಮ ಮಗನಲ್ಲ ಎಂದು. ಆದರೂ ಟೋಪಿ ಎತ್ತಿದರು. ನಗುತ್ತಾ ಎತ್ತಿದರು.

ಹೊಳೆಯಾಚೆಯ ರೇ ಅರ್ಧ ಎದ್ದವರು ಹಾಗೇ ನಿಂತರು. ಕೈ ಟೋಪಿಯ ಅಂಚಿನ ಮೇಲಿತ್ತು. ಆಮೇಲೆ ಬೆಂಚು ಇಳಿದು, ಟ್ರಕ್ಕು ಹತ್ತಿ, ಆಟ ಮುಗಿಯುವ ಮೊದಲೇ ಹೊರಟುಹೋದರು. ನಾನು ತಿದ್ದಿ ಹೇಳಿದೆ, ಎರಡೆರಡು ಸಲ ಹೇಳಿದೆ. ಆ ಬೆಂಚು ಖಾಲಿ ಇತ್ತು. ವೆಸ್ ಅಪ್ಪ ಕೂರುವ ಜಾಗದ ಕಡೆ ತಿರುಗಿ ನೋಡಿದ.

ಕೋಚ್ ಬಂದು ಹೇಳಿದ್ದಿಷ್ಟೇ: "ಹೊಳೆಯಾಚೆಯವನು ಬೇಡ ಅಂದ್ರೆ ಬೇಡ ಕಣಮ್ಮ."

ಡೇರಿನ್ ತಬ್ಬಿಕೊಂಡ. ಬಿಡಿಸಿಕೊಂಡೆ. ಮದುವೆಯಾದ ಮೇಲೆ ಇದೇ ಮೊದಲು.

ಭಾನುವಾರ, ಸೆಪ್ಟೆಂಬರ್ 29

ಚರ್ಚು ಮುಗಿಸಿ ಬಿಸಿ ಬನ್ನಿನ ಡಬ್ಬಿ ಹಿಡಿದು ಒಬ್ಬಳೇ ಹೊಳೆ ದಾಟಿದೆ. ರೇ ಕೊಟ್ಟಿಗೆಯಲ್ಲಿ ಕೊಯ್ಲಿನ ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿದ್ದರು. ಹೊರಗೆ ತೆಗೆಯಲಿಲ್ಲ.

"ಬನ್ನು ತಂದ್ರೆ ಸರಿಹೋಗತ್ತಾ?"

"ಇಲ್ಲ. ಆದ್ರೂ ಬಿಸಿ ಇದಾವೆ."

ಸ್ಪ್ಯಾನರಿನ ಸದ್ದು ನಿಂತಿತು. "ನೀನು ಕಾರ್ವರ್‌ನೋಳು. ನಿನಗೆ ಅರ್ಥ ಆಗಲ್ಲ."

"ಅರ್ಥ ಆಗೋವರೆಗೂ ನಾನಿಲ್ಲಿಂದ ಏಳಲ್ಲ," ಎಂದು ಎಣ್ಣೆ ಡ್ರಮ್ಮಿನ ಮೇಲೆ ಕೂತೆ. ನನ್ನ ಒಳ್ಳೇ ಸ್ಕರ್ಟು! ಆಗಲೂ ಅವರು ತಲೆ ಹೊರತೆಗೆಯಲಿಲ್ಲ, ಯಂತ್ರದೊಳಗಿಂದಲೇ ಮಾತಾಡಿದರು. ಬಹುಶಃ ಅದಕ್ಕೇ ಅಷ್ಟು ಮಾತಾಡಿದರು.

"ನಮ್ಮಪ್ಪ ನನ್ನ ಹೆಸರು ಹಿಡಿದು ಕರೆದೋನಲ್ಲ. 'ಏಯ್' ಅಂತಿದ್ದ. ಏಯ್ ಹಸು ಕಟ್ಟು, ಏಯ್ ಊಟಕ್ಕೆ ಬಾ. ನಾನು ಓಡಿದ ದಿನ ನಿಮ್ಮ ಮಾವ ಮೈಕಲ್ಲಿ 'ರೇ, ಯೋಸೆಫ್‌ನ ಮಗ' ಅಂದ. ನಮ್ಮಪ್ಪ ಎದ್ದು ಟೋಪಿ ಎತ್ತಿದ. ಇಡೀ ಊರಿನ ಮುಂದೆ ಇವನು ನನ್ನವನು ಅಂದ ಹಾಗೆ. ಮನೆಗೆ ಬಂದ ಮೇಲೆ ಮತ್ತೆ 'ಏಯ್'. ಆದ್ರೆ ಆವತ್ತಿಂದ ಆ 'ಏಯ್' ಬೇರೆ ಥರ ಕೇಳಿಸ್ತಿತ್ತು ನಂಗೆ." ಸ್ಪ್ಯಾನರು ಮತ್ತೆ ಒಂದು ಸುತ್ತು ತಿರುಗಿತು. "ನಾನೂ ಅಪ್ಪನ ಥರಾನೇ ಆಗೋದೆ. ವೆಸ್‌ಗೆ ನಾನು ಹೇಳೋದೆಲ್ಲ ಆ ಟೋಪಿಯಲ್ಲೇ ಹೇಳಬೇಕು. ಇನ್ನು ಎಷ್ಟು ಆಟ ಉಳಿದಿದೆ?"

"ಕೆಸರಲ್ಲಿ ನಂಬರ್ ಕಾಣ್ಲಿಲ್ಲ," ಎಂದೆ, ಚಿಕ್ಕ ಮಗುವಿನ ಹಾಗೆ.

ಅವರು ತಲೆ ಹೊರಗೆ ತೆಗೆದರು. ಮೂಗಿನ ಮೇಲೆ ಗ್ರೀಸು. "ನಂಬರ್ ಯಾಕೆ ನೋಡ್ತೀಯ? ಹೆಗಲು ನೋಡು. ನಮ್ಮ ಕಡೆಯೋರು ಎಡ ಹೆಗಲು ತಗ್ಗಿಸಿ ಓಡ್ತೀವಿ, ಬಾಗಿಲು ದೂಡೋ ಹಾಗೆ. ಗೋದಾಮಿನವನ ಮಗ ನೆಟ್ಟಗೆ ಓಡ್ತಾನೆ, ಪೊರಕೆ ಕಡ್ಡಿ." ಕೊಟ್ಟಿಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಯೂ ತೋರಿಸಿದರು, ಆ ಹೊಟ್ಟೆ ಹೊತ್ತು! ಬಂದು ಡಬ್ಬಿಯ ಮುಚ್ಚಳ ತೆಗೆದರು.

"ಮುಂದಿನ ಶುಕ್ರವಾರ ನಾನು ಬರ್ತೀನಿ. ನೀನೂ ಬಾ," ಎಂದರು, ಬಾಯಿ ತುಂಬ ಬನ್ನು ಇಟ್ಟುಕೊಂಡು.

ಸೋಮವಾರ, ಸೆಪ್ಟೆಂಬರ್ 30

ಡೇರಿನ್‌ಗೆ ಸೇಬಿನ ಪೈ ಮಾಡಿಕೊಟ್ಟು ಮೊನ್ನೆ ಬಿಡಿಸಿಕೊಂಡದ್ದಕ್ಕೆ ಬಡ್ಡಿ ಸಮೇತ ತೀರಿಸಿದೆ.

ಶನಿವಾರ, ಅಕ್ಟೋಬರ್ 12

ನಿನ್ನೆ ಹೊರಗಿನ ಊರಲ್ಲಿ ಆಟ. ನಾನು ಬೆಂಚಿನಲ್ಲಿ ಕೂತು ಕೇಳಿದೆ. ಅವರ ಮೈಕಿನವನು ಹೆಸರು ಓದುತ್ತಾನೆ, ಅಷ್ಟೇ. ಯಾರ ಮಗ ಎಂದಿಲ್ಲ, ಒಂದು ಟೋಪಿ ಅಲ್ಲಾಡುವುದಿಲ್ಲ. ಎಂಥ ಬರಡು ಊರು! ನಮ್ಮ ವೆಸ್ ಎರಡು ಟಚ್‌ಡೌನ್ ಮಾಡಿದರೂ ಆ ಮನುಷ್ಯ ಅವನ ಹೆಸರನ್ನು ದಿನಸಿ ಚೀಟಿಯ ಹಾಗೆ ಓದಿದ. ತಡೆಯಲಾಗದೆ ನಾನೇ ಎದ್ದು ನಿಂತು ಬರಿಬಾಯಲ್ಲಿ ಕೂಗಿದೆ: "ಹೊಳೆಯಾಚೆಯ ರೇ ಮಗ! ಹಳೇ ಯೋಸೆಫ್‌ನ ಮೊಮ್ಮಗ!" ರೇ ಅಲ್ಲಿಯೂ ಟೋಪಿ ಎತ್ತಿದರು. ಆ ಊರಿನವರು ನಮ್ಮನ್ನು ಹುಚ್ಚರನ್ನು ನೋಡುವ ಹಾಗೆ ನೋಡಿದರು. ನೋಡಲಿ.

ಚಳಿ ಶುರುವಾಗಿದೆ. ನನ್ನ ಜಾಕೆಟ್ಟು ಬಾಗಿಲ ಹಿಂದೆ ಎಲ್ಲರ ಕೋಟುಗಳ ಅಡಿಯಲ್ಲಿ ಎಲ್ಲೋ ಹುದುಗಿದೆ, ಹುಡುಕಲು ಹೊತ್ತಿರಲಿಲ್ಲ. ಅತ್ತೆಯ ಹಳೇ ಕೋಟು ಹಾಕಿಕೊಂಡೆ. ಅವರು ಹೆಣೆದುಕೊಟ್ಟ ಉಣ್ಣೆ ಟೋಪಿ ಕಿವಿ ಮುಚ್ಚುತ್ತದೆ, ತುಂಬ ಬೆಚ್ಚಗಿದೆ.

ಭಾನುವಾರ, ಅಕ್ಟೋಬರ್ 20

ಅಪ್ಪ ಅಮ್ಮನ ಮನೆಯಲ್ಲಿ ಊಟ. ಶುಕ್ರವಾರ ಕೊನೆಯ ಆಟ, ಅದೂ ಕಾರ್ವರ್ ಮೇಲೆ, ಪ್ಲಮ್ ಹಾಲೋ ಮೈದಾನದಲ್ಲಿ. ನನ್ನ ತಮ್ಮ ಟಾಬಿ ಕಾರ್ವರ್‌ನ ಹನ್ನೆರಡನೇ ನಂಬರು, ಅವರ ತಂಡದ ಜೀವ. ತಟ್ಟೆಗೆ ಆಲೂಗಡ್ಡೆ ಬೀಳುವ ಮೊದಲೇ ಶುರುಮಾಡಿದ.

"ಅಕ್ಕಾ, ಕಪ್ಪೆಗಳಿಗೆ ಹೇಳು, ಈಗಲೇ ಕೊಳಕ್ಕೆ ಹಾರ್ಕೊಳ್ಳಿ ಅಂತ."

"ಹಾರೋದು ಯಾರು ಅಂತ ಶುಕ್ರವಾರ ನೋಡೋಣ ಕಣೋ. ನಮ್ಮ ಹುಡುಗರು ನಿನ್ನ ಎತ್ತಿ ಒಗೀತಾರೆ."

"ಯಾವ 'ನಮ್ಮ' ಹುಡುಗರು?" ಎಂದು ಕಣ್ಣು ಅರಳಿಸಿದ. ಯಾವಾಗಲೂ ಹೀಗೇ, ಅರ್ಥವಿಲ್ಲದ ಪ್ರಶ್ನೆ ಕೇಳುತ್ತಾನೆ.

ಊಟ ಮುಗಿದ ಮೇಲೆ ಅಪ್ಪ ಕಾರಿನವರೆಗೆ ಬಂದು, ಬಾಗಿಲು ಹಿಡಿದುಕೊಂಡು, "ಅಲ್ಲಿ ಅಪ್ಪಂದಿರ ಹೆಸರೂ ಹೇಳ್ತೀಯಂತೆ?" ಎಂದರು.

"ಹೂಂ ಅಪ್ಪಾ. ಎಷ್ಟು ಚೆಂದ ಗೊತ್ತಾ!"

"ಎದುರು ತಂಡದೋರಿಗೆ?"

"ಅವರಿಗೆ ನಂಬರ್ ಅಷ್ಟೇ."

"ಸರಿ ಸರಿ. ಪದ್ಧತಿ ಅಂದ್ಮೇಲೆ ಪದ್ಧತಿ," ಎಂದು ತಮ್ಮ ಕೆಂಪು ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು. ಟಾಬಿಗೂ ಇದು ಸ್ಕೂಲಿನ ಕಡೆಯ ವರ್ಷ.

ಗುರುವಾರ, ಅಕ್ಟೋಬರ್ 24

ಮಾವನನ್ನು ಕೇಳಿದೆ. ಒಂದೇ ಒಂದು ಸಲ, ಟಾಬಿಯ ಹೆಸರು, ಅಪ್ಪನ ಹೆಸರು ಹೇಳಬಹುದೇ ಎಂದು. ಬರುವ ವರ್ಷ ಹೇಗೂ ಎರಡೂ ಊರು ಒಂದೇ ತಂಡವಲ್ಲವೇ ಎಂದೂ ಸೇರಿಸಿದೆ.

ಅವರು ನನ್ನನ್ನು ನೋಡಿದರು. ಆಮೇಲೆ ಟಕ್, ಟಕ್.

ಸರಿ. ಇದು ಅವರು ಕಟ್ಟಿದ ಪದ್ಧತಿ, ಕಡೆಯ ದಿನ ನಾನು ಮುರಿಯುವುದು ಬೇಡ. ಅಳು ಬಂದದ್ದು ಈರುಳ್ಳಿಗೆ. ನಾಳೆಯ ಚಿಲ್ಲಿಗೆ ಒಂದು ಬುಟ್ಟಿ ಹೆಚ್ಚಿದ್ದೇನೆ.

ಶನಿವಾರ, ಅಕ್ಟೋಬರ್ 26

ಮಾವ ಇನ್ನೂ ಮಲಗಿದ್ದಾರೆ. ಅತ್ತೆ ಡಾಕ್ಟರಿಗೆ ಫೋನು ಮಾಡಿ ಚೆನ್ನಾಗಿ ಬೈಸಿಕೊಂಡರು, ಆದರೆ ಗಾಬರಿ ಪಡುವಂಥದ್ದೇನೂ ಇಲ್ಲವಂತೆ. ಮೊದಲಿನಿಂದಲೇ ಬರೆಯುತ್ತೇನೆ, ಇಲ್ಲದಿದ್ದರೆ ಕಡೆಯದನ್ನೇ ಮೊದಲು ಬರೆದುಬಿಡುತ್ತೇನೆ.

ನಿನ್ನೆ ಎಷ್ಟು ಜನ! ಎಲ್ಲೆಲ್ಲೋ ನೆಲೆಸಿದ ಹಳೆಯ ಆಟಗಾರರೆಲ್ಲ ಬಂದಿದ್ದರು, ಹೊಟ್ಟೆಗೆ ಹತ್ತದ ಹಸಿರು ಅಂಗಿ ತೊಟ್ಟು. ಅರ್ಧ ಆಟಕ್ಕೇ ಚಿಲ್ಲಿಯ ಹಂಡೆಗಳು ಬರಿದಾದವು. ಮೈದಾನದ ಸುತ್ತ ಎರಡು ಸಾಲು ಟ್ರಕ್ಕು. ಆಚೆ ಬದಿಯ ಬೆಂಚುಗಳಲ್ಲಿ ಕೆಂಪು. ಅಪ್ಪ ಅಮ್ಮ ಮೂರನೇ ಸಾಲಿನಲ್ಲಿ.

ನಾನು ಒಂದೂ ತಪ್ಪಲಿಲ್ಲ. ಬರೆದಿಡುತ್ತೇನೆ: ಒಂದೂ ತಪ್ಪಲಿಲ್ಲ! ತಂಡದ ಪ್ರತಿಯೊಬ್ಬ ಹುಡುಗನೂ, ಕಡೆಯಲ್ಲಿ ಒಂದೇ ಒಂದು ಸಲ ಮೈದಾನಕ್ಕಿಳಿದ ಸಣ್ಣವನೂ ಸೇರಿ, ಅಪ್ಪನ ಹೆಸರು, ತಾತನ ಹೆಸರು ಕೇಳಿಸಿಕೊಂಡ. ಬರ್ನಾಡೆಟ್ ಅಜ್ಜಿ ತೀರಿಕೊಂಡ ಗಂಡನ ಟೋಪಿಯನ್ನೇ ತಂದಿದ್ದರು, ಊರುಗೋಲಿನ ತುದಿಗೆ ಸಿಕ್ಕಿಸಿ ಎತ್ತಿದರು. ಟಾಬಿ ಮಾತ್ರ ಸಂಜೆಯಿಡೀ ಹನ್ನೆರಡನೇ ನಂಬರು. ಎಷ್ಟು ಚೆನ್ನಾಗಿ ಆಡಿದ ಆ ಕೋತಿ! ಅವನು ಓಡಿದಾಗಲೆಲ್ಲ ಆಚೆ ಬದಿಯಲ್ಲಿ ಅಪ್ಪನ ಕೈ ಟೋಪಿಯವರೆಗೆ ಹೋಗಿ ಕಿವಿ ಕೆರೆದು ಇಳಿಯುತ್ತಿತ್ತು. ನಾನು ಆ ಕಡೆ ನೋಡುವುದನ್ನು ಬಿಟ್ಟೆ.

ಕಡೆಯ ಗಳಿಗೆ. ನಾವು ಎರಡು ಅಂಕ ಮುಂದೆ. ಚೆಂಡು ಕಾರ್ವರ್ ಕೈಯಲ್ಲಿ, ನಮ್ಮ ಗೆರೆಗೆ ನಾಲ್ಕೇ ಹೆಜ್ಜೆ. ಎರಡೂ ಬದಿಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಚೆಂಡು ಟಾಬಿಗೆ ಬಂತು.

"ಹನ್ನೆರಡು!" ಎಂದೆ. "ಹನ್ನೆರಡನೇ ನಂಬರ್, ಬಲಕ್ಕೆ, ನುಗ್ತಿದ್ದಾನೆ..."

ಧೂಳಿನೊಳಗಿಂದ ಹಸಿರೊಂದು ಬಂತು. ನಂಬರು ಕಾಣಲಿಲ್ಲ, ಮುಖ ಕಾಣಲಿಲ್ಲ. ಎಡ ಹೆಗಲು ತಗ್ಗಿತ್ತು, ಬಾಗಿಲು ದೂಡುವ ಹಾಗೆ.

"ಕೆಡವಿದ! ಕೆಡವಿದ! ವೆಸ್ ಸೆಡ್ಲಾಕ್, ಹೊಳೆಯಾಚೆಯ ರೇ ಮಗ, ಹಳೇ ಯೋಸೆಫ್‌ನ ಮೊಮ್ಮಗ! ಗೆದ್ವಿ! ಪ್ಲಮ್ ಹಾಲೋ ಗೆದ್ವಿ!"

ಹೆಗಲ ಮೇಲೆ ಒಂದು ತಟ್ಟು. ಹೊಳೆಯಾಚೆಯ ರೇ ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ವೆಸ್ ನೋಡಿದ. ಈ ಸಲ ಆ ಜಾಗ ಖಾಲಿ ಇರಲಿಲ್ಲ. ಮೊದಲ ಹಾರ್ನು ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಕಂಡಿತು. ಗೋದಾಮಿನ ರೇ ಟ್ರಕ್ಕಿನ ಕಿಟಕಿಯಿಂದ ಕೈ ಒಳಗೆ ಹಾಕಿ ಒತ್ತಿ ಹಿಡಿದಿದ್ದರು.

ಟಾಬಿ ಹುಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ. ಪೆಟ್ಟಾಗಿರಲಿಲ್ಲ, ಏಳಲು ಮನಸ್ಸಿರಲಿಲ್ಲ. ವೆಸ್ ಅವನ ಹತ್ತಿರ ಹೋಗಿ ಕೈ ಚಾಚಿದ. ಇಬ್ಬರೂ ಎದ್ದು ನಿಂತರು.

ಆಗ ಮಾವ ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮಾವ, ಬೇಡ! ಡಾಕ್ಟ್ರು..."

ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. ಬಂದದ್ದು ದನಿಯಲ್ಲ, ಒಣಗಿದ ಜೋಳದ ಸಿಪ್ಪೆ ಉಜ್ಜಿದ ಹಾಗೆ ಒಂದು ಸದ್ದು. ಆದರೆ ಆ ಸದ್ದನ್ನು ಊರು ಗುರುತು ಹಿಡಿಯಿತು. ಹಾರ್ನುಗಳು ಒಂದೊಂದಾಗಿ ನಿಂತವು.

"ಹನ್ನೆರಡು," ಎಂದರು. ಉಸಿರೆಳೆದುಕೊಂಡರು. "ಟಾಬಿ ಹೆನ್ಲಿ. ಗ್ಲೆನ್ ಹೆನ್ಲಿಯ ಮಗ."

ಆಚೆ ಬದಿಯ ಮೂರನೇ ಸಾಲಿನಲ್ಲಿ ಅಪ್ಪ, ಕರೆದದ್ದು ತಮ್ಮ ಹೆಸರನ್ನೇ ಎಂದು ನಂಬಿಕೆಯಾಗದವರ ಹಾಗೆ ಹಿಂದೆ ಮುಂದೆ ನೋಡಿದರು. ಆಮೇಲೆ ಕೆಂಪು ಟೋಪಿ ತೆಗೆದರು.

ಮಾವ ಇನ್ನೂ ಮೈಕು ಬಿಟ್ಟಿರಲಿಲ್ಲ.

"ನಮ್ಮ ಮಾರ್ಸಿಯ ತಮ್ಮ," ಎಂದರು.

ಕೆಳಗೆ ಹಸಿರು ಬೆಂಚುಗಳ ಮುಖಗಳೆಲ್ಲ ಗೂಡಿನ ಕಡೆ ತಿರುಗಿದವು. ಯಾರಿಗಾಗಿ ಕಾಯುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅತ್ತೆ ಕೆಳಗಿಂದ ಕೂಗಿದರು:

"ಏನೇ ನೋಡ್ತಾ ನಿಂತಿದೀಯ? ನಿನ್ನ ಹೆಸರೂ ಬಂತಲ್ಲೇ! ಟೋಪಿ ಎತ್ತೇ!"

ಎತ್ತಿದೆ. ಕಿವಿಗೆ ಚಳಿ ತಾಗಿತು. ಮೈದಾನದ ಆ ಬದಿಯಲ್ಲಿ ಅಪ್ಪನ ಕೆಂಪು ಟೋಪಿ, ಈ ಬದಿಯಲ್ಲಿ ನನ್ನ ಹಸಿರು ಟೋಪಿ. ಇಬ್ಬರೂ ಬಹಳ ಹೊತ್ತು ಇಳಿಸಲಿಲ್ಲ.